ನಿಷ್ಠೆಯ ಲೆಕ್ಕ ಬರೆಯುವವರು ಯಾರು?

ಇಂಗ್ಲೆಂಡಿನ ಫುಟ್‌ಬಾಲ್ ಟಿಕೆಟ್ಟಿನ ಜಗಳಕ್ಕೂ ನಮ್ಮ ಪತ್ರಿಕೆಗೂ ಏನು ಸಂಬಂಧವೆಂದು ಕೆಲವು ಓದುಗರು ಹುಬ್ಬೇರಿಸಬಹುದು. ಸಂಬಂಧವಿದೆ. ಹತ್ತು ಜನ ಕೈಚಾಚಿದ ಕಡೆ ಒಂದೇ ವಸ್ತುವಿದ್ದರೆ ಅದು ಯಾರಿಗೆ ಸಲ್ಲಬೇಕು? ಸರದಿಯ ಪಟ್ಟಿಯನ್ನು ಯಾರು ಬರೆಯಬೇಕು? ಬರೆದ ಪಟ್ಟಿಯನ್ನು ನೋಡುವ ಹಕ್ಕು ಯಾರಿಗಿರಬೇಕು? ಬೆಳಗಿನ ಪಾಳಿಗೆ ತನ್ನ ಹೆಸರನ್ನು ಕೂಗುವರೋ ಇಲ್ಲವೋ ಎಂದು ಗಿರಣಿಯ ಗೇಟಿನಲ್ಲಿ ಕಾದು ನಿಂತ ಬದಲಿ ಕಾರ್ಮಿಕನಿಗೆ ಈ ಪ್ರಶ್ನೆಗಳ ಬಿಸಿ ಚೆನ್ನಾಗಿ ಗೊತ್ತು. ಅವೇ ಪ್ರಶ್ನೆಗಳು ಇಂದು ಇಂಗ್ಲೆಂಡಿನ ದುಡಿಯುವ ಜನರ ಮುಂದೆ ಅವರ ಪ್ರೀತಿಯ ಆಟದ ವೇಷ ತೊಟ್ಟು ನಿಂತಿವೆ.

ಆ ಆಟ ಯಾರದು ಎಂಬುದನ್ನು ಮೊದಲು ನೆನೆಯೋಣ. 1850ರ ಫ್ಯಾಕ್ಟರಿ ಕಾನೂನು ಇಂಗ್ಲೆಂಡಿನ ಬಟ್ಟೆ ಗಿರಣಿಗಳಲ್ಲಿ ಹೆಂಗಸರ ಮತ್ತು ಎಳೆಯರ ಕೆಲಸವನ್ನು ಶನಿವಾರ ಮಧ್ಯಾಹ್ನ 2 ಗಂಟೆಗೆ ನಿಲ್ಲಿಸಿತು. ಅವರಿಲ್ಲದೆ ಯಂತ್ರ ತಿರುಗದು. ಹೀಗಾಗಿ ಗಿರಣಿಯೇ ನಿಂತಿತು. ಆ ಅರ್ಧ ದಿನದ ಬಿಡುವಿನಲ್ಲಿಯೇ ಶನಿವಾರ ಮೂರು ಗಂಟೆಯ ಪಂದ್ಯ ಹುಟ್ಟಿ ಬೆಳೆಯಿತು. 1883ರಲ್ಲಿ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ಎಂಬ ತಂಡ, ಸಿರಿವಂತರ ಈಟನ್ ಶಾಲೆಯ ಹಳೆಯ ವಿದ್ಯಾರ್ಥಿಗಳ ತಂಡವನ್ನು 2-1ರಿಂದ ಸೋಲಿಸಿ ಎಫ್.ಎ. ಕಪ್ಪನ್ನು ಉತ್ತರದ ಗಿರಣಿ ಊರಿಗೆ ಒಯ್ದಿತು. ಆ ತಂಡದಲ್ಲಿದ್ದವರು ನೇಕಾರರು, ನೂಲುವವರು, ಕಬ್ಬಿಣದ ಕೆಲಸಗಾರರು. ಇಂದು ಮ್ಯಾಂಚೆಸ್ಟರ್ ಯುನೈಟೆಡ್ ಎಂದು ಮೆರೆಯುವ ಕ್ಲಬ್ಬನ್ನು 1878ರಲ್ಲಿ ಕಟ್ಟಿದವರು ರೈಲ್ವೆ ಕಾರ್ಖಾನೆಯ ಕೆಲಸಗಾರರು. ಆರ್ಸೆನಲ್ ಕ್ಲಬ್ಬನ್ನು 1886ರಲ್ಲಿ ಕಟ್ಟಿದವರು ವುಲಿಚ್ಚಿನ ಮದ್ದುಗುಂಡಿನ ಕಾರ್ಖಾನೆಯವರು. ಬೆವರು ಸುರಿಸಿದವರು ಕಟ್ಟಿದ ಮನೆಯಿದು. ಈಗ ಆ ಮನೆಯ ಬಾಗಿಲಲ್ಲಿ ಮಾಲೀಕರ ಗುಮಾಸ್ತ ಕುಳಿತು, ಕಟ್ಟಿದವರ ಮೊಮ್ಮಕ್ಕಳನ್ನು “ನಿಮ್ಮ ನಿಷ್ಠೆ ಎಷ್ಟು ಅಂಕ?” ಎಂದು ಕೇಳುತ್ತಿದ್ದಾನೆ!

ವ್ಯವಸ್ಥೆ ಹೀಗಿದೆ. ತನ್ನ ತಂಡ ಬೇರೆ ಊರಿಗೆ ಆಡಲು ಹೋದಾಗ ಅದರ ಬೆನ್ನಿಗೆ ಹೋಗುವ ಅಭಿಮಾನಿಗಳಿಗೆ ಆ ಊರಿನ ಮೈದಾನದಲ್ಲಿ ಒಂದು ಮೂಲೆಯನ್ನು ಬಿಟ್ಟುಕೊಡುತ್ತಾರೆ. ಪ್ರೀಮಿಯರ್ ಲೀಗಿನ ನಿಯಮದಂತೆ ಅದು 3,000 ಟಿಕೆಟ್ಟು. ಮೈದಾನ 30 ಸಾವಿರಕ್ಕಿಂತ ಚಿಕ್ಕದಾದರೆ ನೂರಕ್ಕೆ ಹತ್ತು. ಎಂದರೆ 11 ಸಾವಿರ ಜನ ಹಿಡಿಸುವ ಮೈದಾನದಲ್ಲಿ ಪರವೂರಿನವರಿಗೆ ಸಿಗುವುದು 1,100 ಜಾಗ. ಹೆಸರಾಂತ ಕ್ಲಬ್ಬುಗಳಿಗೆ ಹತ್ತಾರು ಸಾವಿರ ವರ್ಷದ ಟಿಕೆಟ್ಟಿನವರಿದ್ದಾರೆ. ಇಷ್ಟು ಜನಕ್ಕೆ ಅಷ್ಟು ಜಾಗವನ್ನು ಹಂಚುವುದು ಹೇಗೆ? ಅದಕ್ಕೆ ಅನೇಕ ಕ್ಲಬ್ಬುಗಳು ಕಂಡುಕೊಂಡ ಉಪಾಯವೇ ಲಾಯಲ್ಟಿ ಪಾಯಿಂಟ್, ನಮ್ಮ ಮಾತಿನಲ್ಲಿ ನಿಷ್ಠೆಯ ಅಂಕ. ಪರವೂರ ಪಂದ್ಯವೊಂದಕ್ಕೆ ಟಿಕೆಟ್ಟು ಕೊಂಡರೆ ಖಾತೆಗೆ ಇಷ್ಟು ಅಂಕ ಜಮಾ. ಮುಂದಿನ ಪಂದ್ಯದ ಟಿಕೆಟ್ಟನ್ನು ಹೆಚ್ಚು ಅಂಕವಿದ್ದವರಿಗೆ ಮೊದಲ ದಿನ, ಅವರ ಕೆಳಗಿನವರಿಗೆ ಮರುದಿನ, ಹೀಗೆ ಇಳಿಮೆಟ್ಟಿಲಿನಲ್ಲಿ ಮಾರುತ್ತಾರೆ. ಕೆಳಗಿನ ಮೆಟ್ಟಿಲಿನವರ ಸರದಿ ಬರುವ ಹೊತ್ತಿಗೆ ಪೆಟ್ಟಿಗೆ ಬರಿದು.

ಈ ಕ್ರಮದಲ್ಲಿ ನ್ಯಾಯವೇ ಇಲ್ಲವೆಂದು ನಾವು ಹೇಳುವುದಿಲ್ಲ. ಜನವರಿಯ ಚಳಿಯಲ್ಲಿ, ವಾರದ ನಡುವಿನ ರಾತ್ರಿ, ಸೋಲು ಖಚಿತವೆಂದು ತಿಳಿದೂ ನೂರಾರು ಮೈಲಿ ಬಸ್ಸಿನಲ್ಲಿ ಹೋಗಿ ತಂಡದ ಹೆಸರು ಕೂಗಿದವನೊಬ್ಬ. ಕಪ್ಪಿನ ದೊಡ್ಡ ಪಂದ್ಯ ಬಂದಾಗ ಮಾತ್ರ ಹೊಸ ಅಂಗಿ ತೊಟ್ಟು ಬಂದವನೊಬ್ಬ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಟಿಕೆಟ್ಟನ್ನು ಹರಾಜಿಗಿಟ್ಟರೆ ಹಣವಂತ ಗೆಲ್ಲುತ್ತಾನೆ. ಸಾಲಿನಲ್ಲಿ ಕೊಟ್ಟರೆ ದುಡಿದವನಿಗೂ ಒಂದು ದಾರಿಯಿದೆ. ಹಣದ ಬದಲು ಸೇವೆಯನ್ನು ಅಳೆಯುವ ತತ್ವ ನಮ್ಮದೇ ತತ್ವ. ಗಿರಣಿಯಲ್ಲಿ ಸೇವಾ ಹಿರಿತನದ ಪಟ್ಟಿಗಾಗಿ ಕಾರ್ಮಿಕರು ಹೋರಾಡಿದ್ದು ಇದೇ ಕಾರಣಕ್ಕೆ: ಮೇಸ್ತ್ರಿಯ ಕೃಪೆಯಿಂದ ಕೆಲಸ ಸಿಗಕೂಡದು, ಸರದಿಯಿಂದ ಸಿಗಬೇಕು.

ಆದರೆ ಒಳ್ಳೆಯ ತತ್ವವನ್ನು ಮಾಲೀಕನ ಕೈಗೆ ಕೊಟ್ಟರೆ ಏನಾಗುವುದೆಂಬುದನ್ನು ನೋಡಿರಿ.

ಮೊದಲನೆಯ ದೋಷ: ಏಣಿಯ ಕೆಳಗಿನ ಮೆಟ್ಟಿಲುಗಳನ್ನು ಕಿತ್ತು ಹಾಕಿದ್ದಾರೆ. ಟಿಕೆಟ್ಟು ಬೇಕಾದರೆ ಅಂಕ ಬೇಕು. ಅಂಕ ಬೇಕಾದರೆ ಟಿಕೆಟ್ಟು ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಇಪ್ಪತ್ತು ವರ್ಷದ ತರುಣ ಕೆಲಸಗಾರ ಎಂದು ಏಣಿ ಹತ್ತಬೇಕು? ಹಿಂದಿನ ವರ್ಷಗಳ ಅಂಕವೆಲ್ಲ ಕೂಡುತ್ತ ಹೋಗುವ ಕಡೆ, ಮೇಲಿನವರು ಕೈಬಿಟ್ಟ ಹೊರತು ಕೆಳಗಿನವನು ಮೇಲೇರಲಾರ.

ಎರಡನೆಯ ದೋಷ: ನಿಷ್ಠೆಯ ಹೆಸರಿನಲ್ಲಿ ತೂಗುವುದು ಕೈಚೀಲವನ್ನು, ಬಿಡುವನ್ನು. ಅಂಕ ಗಳಿಸಲು ಟಿಕೆಟ್ಟಿನ ದುಡ್ಡೊಂದೇ ಸಾಲದು. ರೈಲಿನ ದುಡ್ಡು ಬೇಕು, ರಜೆ ಬೇಕು. ನ್ಯೂಕ್ಯಾಸಲ್ಲಿನಿಂದ ಬೋರ್ನ್‌ಮತ್ತಿಗೆ ಮುನ್ನೂರು ಮೈಲಿಗೂ ಹೆಚ್ಚಿನ ದಾರಿ. ದೂರದರ್ಶನದ ಕಂಪನಿಗಳ ಅನುಕೂಲಕ್ಕಾಗಿ ಶನಿವಾರದ ಪಂದ್ಯವನ್ನು ಭಾನುವಾರಕ್ಕೋ ಸೋಮವಾರ ರಾತ್ರಿಗೋ ಎತ್ತಿಹಾಕುತ್ತಾರೆ. ಆಟ ಮುಗಿಯುವ ಹೊತ್ತಿಗೆ ಊರಿಗೆ ಮರಳುವ ರೈಲಿರುವುದಿಲ್ಲ. ಮರುದಿನ ಬೆಳಗಿನ ಪಾಳಿಯಿದ್ದವನು ಏನು ಮಾಡಬೇಕು? ರಾತ್ರಿ ಪಾಳಿಯ ದಾದಿ, ಹಸುಗೂಸಿನ ತಾಯಿ, ಆಸ್ಪತ್ರೆಯಲ್ಲಿ ಮಲಗಿದ್ದವನು, ಕೆಲಸ ಹೋಗಿ ಆರು ತಿಂಗಳು ಕುಳಿತವನು—ಇವರ ಖಾತೆಯಲ್ಲಿ ಸೊನ್ನೆ ಬೀಳುತ್ತದೆ. ಸೊನ್ನೆ ಬಿದ್ದುದು ಬಡತನಕ್ಕೆ. ಖಾತೆಯಲ್ಲಿ ಬರೆಯುವುದು ನಿಷ್ಠೆಯಿಲ್ಲವೆಂದು. ಬಡವನ ಹಸಿವನ್ನು ಉಪವಾಸ ವ್ರತವೆಂದು ಹೊಗಳುವ ಜಾಣರನ್ನು ನಾವು ಕಂಡಿದ್ದೇವೆ; ಬಡವನ ಬರಿಗೈಯನ್ನು ದ್ರೋಹವೆನ್ನುವ ಜಾಣರನ್ನು ಈಗ ಕಾಣುತ್ತಿದ್ದೇವೆ.

ಮೂರನೆಯ ದೋಷ: ಅಂಕ ಒಂದು ಆಸ್ತಿಯಾಗುತ್ತದೆ. ಆಸ್ತಿಯಾದ ಮೇಲೆ ಅದಕ್ಕೆ ಗೇಣಿದಾರ, ಒಡೆಯ, ದಲ್ಲಾಳಿ ಎಲ್ಲರೂ ಹುಟ್ಟುತ್ತಾರೆ. ಅಂಕ ಬೆಳೆಸುವ ಸಲುವಾಗಿ ಟಿಕೆಟ್ಟು ಕೊಂಡು, ತಾನು ಹೋಗದೆ ಬೇರೆಯವನನ್ನು ಕಳುಹಿಸುವವರು ಇದ್ದಾರೆ. ಚಳಿಯಲ್ಲಿ ನಿಂತವನು ಒಬ್ಬ, ಅಂಕ ಜಮಾ ಆಗುವುದು ಇನ್ನೊಬ್ಬನ ಹೆಸರಿಗೆ! ಉತ್ತವನಿಗೆ ಕೂಲಿ, ಪಹಣಿಯಲ್ಲಿ ಒಡೆಯನ ಹೆಸರು—ಈ ಕಥೆ ನಮಗೆ ಹೊಸದಲ್ಲ. ಈ ಮೋಸ ತಡೆಯಲು ಕೆಲವು ಕ್ಲಬ್ಬುಗಳು ಪಂದ್ಯದ ಊರಿನಲ್ಲಿಯೇ ಗುರುತು ತೋರಿಸಿ ಟಿಕೆಟ್ಟು ಪಡೆಯಬೇಕೆಂದು ಗೊತ್ತುಮಾಡಿವೆ. ಅದು ಸರಿ. ಆದರೆ ಗಂಡ ಜ್ವರದಲ್ಲಿ ಮಲಗಿದಾಗ ಹೆಂಡತಿಗೆ ಟಿಕೆಟ್ಟು ಕೊಟ್ಟವನನ್ನೂ ಕಾಳಸಂತೆಯ ದಲ್ಲಾಳಿಯನ್ನೂ ಒಂದೇ ಕೋಲಿನಿಂದ ಹೊಡೆಯುವುದು ಸರಿಯಲ್ಲ. ಕಾಳಸಂತೆಗೆ ಶಿಕ್ಷೆ ಕೊಡಲು 1994ರ ಕಾನೂನೇ ಇದೆ. ಅಪ್ಪಣೆಯಿಲ್ಲದೆ ಫುಟ್‌ಬಾಲ್ ಟಿಕೆಟ್ಟು ಮಾರುವುದು ಅಲ್ಲಿ ಅಪರಾಧ.

ನಾಲ್ಕನೆಯ ದೋಷವೇ ಎಲ್ಲಕ್ಕೂ ಬೇರು: ಲೆಕ್ಕದ ಪುಸ್ತಕ ಮಾಲೀಕನ ಪೆಟ್ಟಿಗೆಯಲ್ಲಿದೆ. ಯಾವುದಕ್ಕೆ ಎಷ್ಟು ಅಂಕ, 3,000ದಲ್ಲಿ ಎಷ್ಟನ್ನು ಬಂಡವಾಳ ಹೂಡಿದ ಗೆಳೆಯರಿಗೂ ಆಟಗಾರರ ಪರಿವಾರಕ್ಕೂ ಮೊದಲೇ ತೆಗೆದಿಡಬೇಕು, ಯಾವ ವರ್ಷ ನಿಯಮ ಬದಲಾಗಬೇಕು—ಇದೆಲ್ಲವನ್ನೂ ಗೊತ್ತುಮಾಡುವವನು ಅವನೇ. ನಮ್ಮ ಚಿಕ್ಕ ವ್ಯಾಪಾರಿ ಬಂಧುಗಳು ಈ ಮಾತನ್ನು ಬೇಗ ಗ್ರಹಿಸುವರು. ಖಾಯಂ ಗಿರಾಕಿಗೆ ಕೊಸರು ಹಾಕುವುದು ವ್ಯಾಪಾರದ ಮರ್ಯಾದೆ. ಆದರೆ ಗಿರಾಕಿ ಬೇರೆ ಅಂಗಡಿಗೆ ಹೋಗುವಂತಿಲ್ಲವೆಂದು ತಿಳಿದು, ಅವನ ವರ್ತನೆಯ ಲೆಕ್ಕವನ್ನು ಅವನಿಗೇ ತೋರಿಸದೆ, ಕೊಸರನ್ನು ಬೆದರಿಕೆಯಾಗಿ ಬಳಸುವುದಕ್ಕೆ ವ್ಯಾಪಾರವೆಂದು ಹೆಸರಿಲ್ಲ. ಅಭಿಮಾನಿ ಒಂದು ಪಂದ್ಯ ತಪ್ಪಿಸಿದರೆ ಅಂಕ ಹೋಗುತ್ತದೆ. ಬೆಲೆ ಹೆಚ್ಚಾಯಿತೆಂದು ಬಹಿಷ್ಕಾರ ಹೂಡಿದರೂ ಅಂಕ ಹೋಗುತ್ತದೆ. ಇದು ಮುಷ್ಕರ ಹೂಡಿದವನ ಸೇವಾ ಹಿರಿತನವನ್ನು ಕತ್ತರಿಸುವ ಹಳೆಯ ಕತ್ತಿ. ಹಿಡಿ ಮಾತ್ರ ಹೊಸದು.

ಇನ್ನು, ನಿಷ್ಠೆ ಕೇಳುವ ಈ ಮಾಲೀಕರ ನಿಷ್ಠೆ ಎಂತಹುದು? 2002ರಲ್ಲಿ ವಿಂಬಲ್ಡನ್ ಕ್ಲಬ್ಬಿನವರಿಗೆ ತಮ್ಮ ತಂಡವನ್ನು ಲಂಡನ್ನಿನಿಂದ ಐವತ್ತು ಮೈಲಿಗೂ ಆಚೆಯ ಮಿಲ್ಟನ್ ಕೀನ್ಸಿಗೆ ಕೊಂಡೊಯ್ಯಲು ಅಪ್ಪಣೆ ಸಿಕ್ಕಿತು. 2003ರಲ್ಲಿ ಒಯ್ದೇ ಬಿಟ್ಟರು. ತಲೆಮಾರುಗಳಿಂದ ಬೆನ್ನಿಗಿದ್ದ ಅಭಿಮಾನಿಗಳ ಅಂಕ ಆ ದಿನ ಯಾವ ಖಾತೆಯಲ್ಲಿತ್ತು? 2005ರಲ್ಲಿ ಅಮೆರಿಕದ ಒಂದು ಶ್ರೀಮಂತ ಕುಟುಂಬ ಸಾಲ ಮಾಡಿ ಮ್ಯಾಂಚೆಸ್ಟರ್ ಯುನೈಟೆಡ್ಡನ್ನು ಕೊಂಡು, ಆ ಸಾಲವನ್ನು ಕ್ಲಬ್ಬಿನ ಹೆಗಲಿಗೇ ಹೊರಿಸಿತು. 2021ರ ಏಪ್ರಿಲಿನಲ್ಲಿ ಆರು ದೊಡ್ಡ ಕ್ಲಬ್ಬುಗಳ ಮಾಲೀಕರು ಅಭಿಮಾನಿಗಳನ್ನು ಒಂದು ಮಾತೂ ಕೇಳದೆ ಯೂರೋಪಿನ ಶ್ರೀಮಂತರ ಪ್ರತ್ಯೇಕ ಲೀಗಿಗೆ ಸಹಿ ಹಾಕಿದರು. ಇವರಿಗೆಲ್ಲ ಎಷ್ಟು ಅಂಕ ಕೊಡೋಣ? ನಿಷ್ಠೆಯೆಂಬುದು ಕೆಳಗಿನಿಂದ ಮೇಲಕ್ಕೆ ಮಾತ್ರ ಹರಿಯುವ ನೀರೇ?

ಜನ ಸುಮ್ಮನೆ ಕೂಡಲಿಲ್ಲವೆಂಬುದು ಸಂತೋಷದ ಸಂಗತಿ. 2013ರ ಜನವರಿಯಲ್ಲಿ ಆರ್ಸೆನಲ್ ಮೈದಾನಕ್ಕೆ ಬರುವ ಮ್ಯಾಂಚೆಸ್ಟರ್ ಸಿಟಿ ಅಭಿಮಾನಿಗಳ ಮೇಲೆ 62 ಪೌಂಡಿನ ಟಿಕೆಟ್ಟನ್ನು ಹೇರಿದಾಗ, 3,000ದಲ್ಲಿ 912 ಟಿಕೆಟ್ಟು ಮಾರಾಟವಾಗದೆ ಹಿಂದಕ್ಕೆ ಹೋದವು. ಅದೇ ವರ್ಷ ಅಭಿಮಾನಿಗಳ ಒಕ್ಕೂಟ ಪರವೂರ ಟಿಕೆಟ್ಟಿಗೆ ಇಪ್ಪತ್ತು ಪೌಂಡು ಸಾಕೆಂಬ ಚಳವಳಿ ಹೂಡಿತು. 2016ರ ಫೆಬ್ರವರಿಯಲ್ಲಿ ಲಿವರ್‌ಪೂಲಿನ ಮಾಲೀಕರು 77 ಪೌಂಡಿನ ಟಿಕೆಟ್ಟು ತರಹೊರಟಾಗ, ಪಂದ್ಯದ 77ನೆಯ ನಿಮಿಷಕ್ಕೆ ಸುಮಾರು ಹತ್ತು ಸಾವಿರ ಜನ ಎದ್ದು ಹೊರನಡೆದರು. ಮಾಲೀಕರು ಕ್ಷಮೆ ಕೇಳಿ ಯೋಜನೆಯನ್ನು ಹಿಂತೆಗೆದುಕೊಂಡರು. 2016-17ರ ಸಾಲಿನಿಂದ ಪ್ರೀಮಿಯರ್ ಲೀಗಿನಲ್ಲಿ ಪರವೂರ ಟಿಕೆಟ್ಟಿನ ಬೆಲೆ 30 ಪೌಂಡು ಮೀರಕೂಡದೆಂಬ ಕಟ್ಟು ಬಂತು. ಶ್ರೀಮಂತರ ಲೀಗಿನ ಆರೂ ಇಂಗ್ಲಿಷ್ ಕ್ಲಬ್ಬುಗಳು ಜನರ ಕೋಪಕ್ಕೆ ಹೆದರಿ ಎರಡೇ ದಿನಗಳಲ್ಲಿ ಹಿಂದೆಗೆದವು. ಮನೆ ಕಳೆದುಕೊಂಡ ವಿಂಬಲ್ಡನ್ನಿನ ಜನ 2002ರಲ್ಲಿ ತಮ್ಮದೇ ಹೊಸ ಕ್ಲಬ್ಬನ್ನು ಕಟ್ಟಿ, ತಳಮೆಟ್ಟಿಲಿನಿಂದ ಏರಿ, 2011ರಲ್ಲಿ ಅದನ್ನು ಫುಟ್‌ಬಾಲ್ ಲೀಗಿಗೆ ತಂದು ನಿಲ್ಲಿಸಿದರು. ಇದರಲ್ಲಿ ಯಾವುದೂ ಮಾಲೀಕರ ದಯೆಯಿಂದ ಬಂದುದಲ್ಲ.

ಬೆಲೆಗೆ ಕಟ್ಟು ಬಿದ್ದ ಮೇಲೆ ಉಳಿದ ಪ್ರಶ್ನೆ ಸರದಿಯದು. ಇಲ್ಲಿಯೇ ಅಭಿಮಾನಿಗಳನ್ನು ಇಬ್ಭಾಗ ಮಾಡಿದ್ದಾರೆ. ಹಳಬರು “ಹೊಸಬರು ನಮ್ಮ ಹಕ್ಕನ್ನು ಕಸಿಯುತ್ತಾರೆ” ಎನ್ನುತ್ತಾರೆ. ಹೊಸಬರು “ಹಳಬರು ಬಾಗಿಲಿಗೆ ಅಡ್ಡ ನಿಂತಿದ್ದಾರೆ” ಎನ್ನುತ್ತಾರೆ. ಖಾಯಂ ಕಾರ್ಮಿಕನನ್ನೂ ಬದಲಿ ಕಾರ್ಮಿಕನನ್ನೂ ಹೊಡೆದಾಡಲು ಬಿಟ್ಟು ಕೂಲಿ ಉಳಿಸುವ ಗಿರಣಿ ಮಾಲೀಕನ ತಂತ್ರ ಇದೇ ಅಲ್ಲವೇ? ಕೆಲವರು ಅಂಕವನ್ನೇ ಕಿತ್ತೊಗೆದು ಎಲ್ಲವನ್ನೂ ಚೀಟಿ ಎತ್ತಿ ಹಂಚಿರಿ ಎನ್ನುತ್ತಾರೆ. ಅದನ್ನೂ ನಾವು ಒಪ್ಪಲಾರೆವು. ಇಪ್ಪತ್ತು ವರ್ಷ ತಂಡದ ಬೆನ್ನಿಗಿದ್ದ ಮುದುಕನ ಪಾಲನ್ನು ಕುರುಡು ಅದೃಷ್ಟಕ್ಕೆ ಒಪ್ಪಿಸುವುದು ಸಮಾನತೆಯಲ್ಲ.

ನಮ್ಮ ದೃಷ್ಟಿಯಲ್ಲಿ ನ್ಯಾಯದ ಕ್ರಮ ಇಂತಿರಬೇಕು. ಒಂದು, ಪಂದ್ಯಕ್ಕೆ ಕಾಲಿಟ್ಟವನಿಗೆ ಮಾತ್ರ ಅಂಕ. ಟಿಕೆಟ್ಟಿನ ಬೆಲೆಗೂ ಸದಸ್ಯತ್ವದ ದರ್ಜೆಗೂ ಔತಣದ ಕೋಣೆಗೂ ಅಂಕವಿರಕೂಡದು. ಎರಡು, ಲೆಕ್ಕ ಇತ್ತೀಚಿನ ಕೆಲವು ವರ್ಷಗಳದ್ದಾಗಿರಲಿ. ಅಜ್ಜನ ಕಾಲದ ಅಂಕ ಮೊಮ್ಮಗನ ಜಹಗೀರಿ ಆಗಕೂಡದು. ಮೂರು, ಹತ್ತರಲ್ಲಿ ಎರಡು ಪಾಲನ್ನಾದರೂ ಅಂಕವಿಲ್ಲದವರಿಗೂ ಎಳೆಯರಿಗೂ ಚೀಟಿ ಎತ್ತಿ ಕೊಡಲಿ; ಏಣಿಗೆ ಕೆಳಗಿನ ಮೆಟ್ಟಿಲು ಬರಲಿ. ನಾಲ್ಕು, ಕಾಯಿಲೆ, ಹೆರಿಗೆ, ನಿರುದ್ಯೋಗದ ಕಾಲವನ್ನು ಗೈರುಹಾಜರಿ ಎಂದು ಎಣಿಸಕೂಡದು. ದೂರದರ್ಶನಕ್ಕಾಗಿ ದಿನ ಬದಲಾಯಿಸಿದ ಪಂದ್ಯ ತಪ್ಪಿಸಿದವನ ಅಂಕ ಕಳೆಯಕೂಡದು. ಐದು, ಮಾಲೀಕರ ಗೆಳೆಯರಿಗೆ ತೆಗೆದಿಟ್ಟ ಟಿಕೆಟ್ಟಿನ ಸಂಖ್ಯೆಯನ್ನು ಪ್ರತಿ ಪಂದ್ಯಕ್ಕೂ ಪ್ರಕಟಿಸಲಿ. ಆರು, ಪುಸ್ತಕದ ಮೇಲ್ವಿಚಾರಣೆ ಅಭಿಮಾನಿಗಳು ಆರಿಸಿದ ಸಮಿತಿಯ ಕೈಯಲ್ಲಿರಲಿ.

ಇದು ಆಗದ ಮಾತೆಂದು ಹೇಳುವವರು ಜರ್ಮನಿಯ ಕಡೆ ನೋಡಲಿ. ಅಲ್ಲಿ ಕೆಲವು ಅಪವಾದಗಳನ್ನು ಬಿಟ್ಟರೆ, ಕ್ಲಬ್ಬಿನ ಮತಗಳಲ್ಲಿ ಅರ್ಧಕ್ಕಿಂತ ಒಂದಾದರೂ ಹೆಚ್ಚು ಮತ ಸದಸ್ಯರ ಕೈಯಲ್ಲಿರಬೇಕೆಂಬ ನಿಯಮವಿದೆ. ಇಂಗ್ಲೆಂಡಿನಲ್ಲಿಯೂ 2025ರ ಜುಲೈನಲ್ಲಿ ಫುಟ್‌ಬಾಲ್ ಆಡಳಿತದ ಕಾನೂನು ಬಂದಿದೆ; ಕ್ಲಬ್ಬುಗಳು ಟಿಕೆಟ್ಟಿನ ಬೆಲೆಯಂತಹ ವಿಷಯಗಳಲ್ಲಿ ಅಭಿಮಾನಿಗಳ ಅಭಿಪ್ರಾಯ ಕೇಳಬೇಕೆಂದು ಅದು ಹೇಳುತ್ತದೆ. ಒಳ್ಳೆಯದು. ಆದರೆ ಕೇಳುವುದು ಬೇರೆ, ಕೇಳಿದಂತೆ ನಡೆಯುವುದು ಬೇರೆ. ವರ್ಕ್ಸ್ ಕಮಿಟಿಯ ಮೇಜಿನಲ್ಲಿ ಚಹಾ ಕುಡಿದು ಬರಿಗೈಯಲ್ಲಿ ಎದ್ದು ಬಂದ ನಮ್ಮ ಕಾರ್ಮಿಕ ಪ್ರತಿನಿಧಿಗಳಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸರದಿಯ ಪಟ್ಟಿ ಬೇಕು. ಆ ಪಟ್ಟಿ ಗೇಟಿನ ಗೋಡೆಯ ಮೇಲೆ, ಎಲ್ಲರ ಕಣ್ಣಿಗೆ ಬೀಳುವಂತೆ ಇರಬೇಕು. ಪೆಟ್ಟಿಗೆಯೊಳಗೆ ಬೀಗ ಹಾಕಿಟ್ಟ ಪಟ್ಟಿಯನ್ನು, ಅದು ಫುಟ್‌ಬಾಲ್ ಕ್ಲಬ್ಬಿನದಾಗಲಿ ಗಿರಣಿಯದಾಗಲಿ, ದುಡಿಯುವ ಜನ ನಂಬಬೇಕಾದ ಕಾರಣವಿಲ್ಲ.