ಲೈಟ್ ಹತ್ತಿದ ಕೂಡ್ಲೇ ಗೇರ್‌ಬಾಕ್ಸ್ ಯಾಕ ಬಿಚ್ಚಬೇಕ್ರಿ?

ಅಕ್ಕಾರ, ವೈನ್ಯಾರ, 2014ರಾಗ ಮಾರುತಿ ಸೆಲೆರಿಯೊ ಬಂದ ಮ್ಯಾಲೆ ಕ್ಲಚ್ ಪೆಡಲ್ ಇಲ್ಲದ ಕಾರು ಅಗ್ಗ ಆದ್ವು. ಈಗ ಅಂಥಾವು ಹಳೇವಾಗಿ ನಮ್ಮ ನವಲಗುಂದ, ಅಣ್ಣಿಗೇರಿ ಕಡೆ ಹಳ್ಳಿಗೂ ಬಂದಾವ. ಅದರಾಗ ಗೇರಿನ ಲೈಟ್ ಒಮ್ಮೆ ಹತ್ತತೈತಿ, ಒಮ್ಮೆ ಆರತೈತಿ. ಕೂಡ್ಲೇ ಗಂಡಸರು ‘ಗೇರ್‌ಬಾಕ್ಸ್ ಹೋತು, ಇಳಿಸಬೇಕು’ ಅಂತಾರ. ನಾ ಒಪ್ಪೂದಿಲ್ಲ.

ಸವೆದ ಗೇರಿನ ಹಲ್ಲು ಮರುದಿನ ತಾನಾಗೇ ಬೆಳಿಯೂದಿಲ್ಲ. ಬಂದು ಹೋಗೂ ಲೈಟಿಗೆ ಮೊದ್ಲು ಸೋವಿ ಜಾಗಾ ನೋಡ್ರಿ: ಸೋತ ಬ್ಯಾಟರಿ, ಅದರ ತುದಿಗೆ ಕಟ್ಟಿದ ಬಿಳಿ ಪುಡಿ, ಬ್ರೇಕ್ ಲೈಟಿನ ಸ್ವಿಚ್, ಸಡಿಲಾದ ವೈರು. ಎರಿ ಮಣ್ಣಿನ ಕೆಸರು, ಹಳ್ಳದ ನೀರು ವೈರಿನ ಜೋಡಿಗೆ ಹೊಕ್ಕತಾವ. ಸುಗ್ಗಿಯೊಳಗ ಇಲಿ ಕಡೀತಾವ.

ಬಿಚ್ಚೂಕಿಂತ ಮೊದ್ಲು ಸ್ಕ್ಯಾನರ್ ಹಚ್ಚಸ್ರಿ. ‘ಪಿ0700’ ಅಂತ ಕೋಡ್ ಬಂದ್ರ, ಗೇರಿನ ಕಂಪ್ಯೂಟರ್ ಒಳಗ ಏನೋ ಬರದೈತಿ, ಅದನ್ನ ಓದ್ರಿ ಅಂತ ಅಷ್ಟ ಅರ್ಥ. ಓದಿ ಚೀಟಿ ಮ್ಯಾಲೆ ಬರಕೊಳ್ಳೂ ತನಕಾ ಕೋಡ್ ಅಳಸಾಕ ಬಿಡಬ್ಯಾಡ್ರಿ. ಅಳಸಿದ್ರ ಸಾಕ್ಷಿನ ಹೋತು.

‘ಹೆಂಗಸರಿಗೇನ್ ತಿಳೀತೈತಿ’ ಅಂತಾರಲ್ಲ? ಕ್ಯಾಲೆಂಡರಿನ್ಯಾಗ ಹಾಲಿನ ಲೆಕ್ಕ ಬರಿಯೂ ನಾವು, ಲೈಟ್ ಹತ್ತಿದ ದಿನಾನೂ ಬರೀಬಹುದು: ಮಳಿ ಇತ್ತೋ, ಮುಂಜಾನೆ ಥಂಡಿಯೋ, ಏರು ಹತ್ತೂ ಮುಂದೋ. ಮೆಕ್ಯಾನಿಕ್‌ಗೆ ಅದಕ್ಕಿಂತ ಛಲೋ ಗುರ್ತು ಯಾವದೈತಿ?

ಹಂಗಂತ ಸುಮ್ಮನೂ ಕೂಡಬ್ಯಾಡ್ರಿ. ಗೇರ್ ಜಾರಿದ್ರ, ಸುಟ್ಟ ವಾಸನಿ ಬಂದ್ರ, ಗಾಡಿ ಅಲ್ಲೇ ನಿಲ್ಲಸ್ರಿ. ಆದ್ರ ಹೆಸರು ಮಾರಿದ ರೊಕ್ಕ ಬರೇ ಅಂದಾಜಿಗೆ ಕೊಡಬ್ಯಾಡ್ರಿ. ‘ಕೋಡ್ ಏನ್ ಬಂತು, ತೋರಸ್ರಿ’ ಅಂತ ಕೇಳ್ರಿ. ಕೇಳಾಕ ರೊಕ್ಕ ಬೀಳೂದಿಲ್ಲ.