ಗುಟ್ಟು ನನ್ನದು, ರಕ್ಷಣೆ ನಿಮ್ಮ ಮಧ್ಯಸ್ಥರಿಗೆ

ಜಿಲ್ಲಾ ಮಧ್ಯಸ್ಥಿಕೆ ಕೇಂದ್ರದ ಹೊಣೆ ಹೊತ್ತ ಮಾನ್ಯ ನ್ಯಾಯಾಧೀಶರಿಗೆ,



ನನ್ನ ದೂರಿಗೆ ತಮ್ಮ ಕಚೇರಿಯಿಂದ ಕೊನೆಗೂ ಉತ್ತರ ಬಂದಿದೆ. ಎರಡೇ ಸಾಲು. ಸಂಧಾನದ ಮಾತುಕತೆ ಗೌಪ್ಯವಾದ್ದರಿಂದ ಅಲ್ಲಿ ನಡೆದದ್ದರ ಬಗ್ಗೆ ವಿಚಾರಣೆ ಮಾಡಲು ಬರುವುದಿಲ್ಲ, ದೂರನ್ನು ಮುಕ್ತಾಯಗೊಳಿಸಲಾಗಿದೆ. ನಾನು ದೂರಿದ್ದೇ ಗೌಪ್ಯತೆ ಮುರಿದರು ಎಂದು. ಪತ್ರಕ್ಕೆ ಸಹಿ ಹಾಕುವ ಮುನ್ನ ತಾವು ನನ್ನ ಅರ್ಜಿಯನ್ನು ಓದಿದ್ದಿರಬಹುದೆಂಬ ನಂಬಿಕೆಯಿಂದ ಇನ್ನೊಮ್ಮೆ, ಈ ಸಲ ಎಲ್ಲರೂ ಓದುವ ಹಾಗೆ, ಬರೆಯುತ್ತಿದ್ದೇನೆ.

ಪ್ರಕರಣದ ವಿವರ ತಮ್ಮ ಕಡತದಲ್ಲಿದೆ. ನಮ್ಮೂರಿನವರಿಗೆ ಕಡತವೂ ಬೇಕಿಲ್ಲ. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಗೆಂದು ಅಣ್ಣ ಕೊಟ್ಟ ವಂಶವೃಕ್ಷದಲ್ಲಿ ಅಕ್ಕನೂ ನಾನೂ ಹುಟ್ಟಿಯೇ ಇರಲಿಲ್ಲ. ಪಹಣಿ ಅವನೊಬ್ಬನ ಹೆಸರಿಗಾಯಿತು. ಗೊತ್ತಾಗಿ ಕೇಳಿದಾಗ ಅಕ್ಕನಿಗೆ ಅರಿಶಿನ-ಕುಂಕುಮಕ್ಕೆಂದು ಒಂದಿಷ್ಟು ಕೊಟ್ಟು ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡರು. ನಾನು ಬರೆದುಕೊಡಲಿಲ್ಲ, ಪಾಲಿಗೆ ದಾವೆ ಹಾಕಿದೆ. ನ್ಯಾಯಾಲಯ ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಸೆಕ್ಷನ್ ಪ್ರಕಾರ ನಮ್ಮನ್ನು ತಮ್ಮ ಕೇಂದ್ರಕ್ಕೆ ಕಳಿಸಿತು. ನಾನು ಸಂತೋಷದಿಂದಲೇ ಬಂದೆ. ಮದುವೆ, ಜೀವನಾಂಶ, ಒಡಹುಟ್ಟಿದವರ ಪಾಲು, ಇಂಥವನ್ನೆಲ್ಲ ಮಧ್ಯಸ್ಥಿಕೆಗೆ ಕಳಿಸುವುದು ಒಳ್ಳೆಯದೆಂದು ಸುಪ್ರೀಂ ಕೋರ್ಟ್ 2010ರ ಅಫ್ಕಾನ್ಸ್ ತೀರ್ಪಿನಲ್ಲೇ ಹೇಳಿದೆ. ಪಾಲಿನ ದಾವೆಗಳು ತೀರ್ಮಾನವಾಗುವಷ್ಟರಲ್ಲಿ ಹೂಡಿದವರ ಮಕ್ಕಳು ವಾರಸುದಾರರಾಗಿ ಕಟಕಟೆಗೆ ಬಂದಿರುತ್ತಾರೆ ಎಂಬುದು ನಮಗೂ ಗೊತ್ತು.

ಮೊದಲ ದಿನ ತಮ್ಮ ಮಧ್ಯಸ್ಥರು ಎಲ್ಲರಿಗೂ ನೀರು ಕೊಡಿಸಿ ಬಹಳ ಚೆನ್ನಾಗಿ ಮಾತಾಡಿದರು. ಇಲ್ಲಿ ಆಡಿದ್ದು ಈ ನಾಲ್ಕು ಗೋಡೆ ದಾಟುವುದಿಲ್ಲ ಎಂದರು. ಆಮೇಲೆ ಅಣ್ಣನನ್ನು ಹೊರಗೆ ಕೂರಿಸಿ, "ಅಮ್ಮಾ, ಈಗ ನೀವು ಹೇಳೋದನ್ನ ನಿಮ್ಮ ಒಪ್ಪಿಗೆ ಇಲ್ಲದೆ ಅವರಿಗೂ ಹೇಳಲ್ಲ. ಮನಸ್ಸಿನಲ್ಲಿ ಇರೋದನ್ನ ಹೇಳಿಬಿಡಿ" ಎಂದರು. ಹೇಳಿದೆ. ತೋಟದಲ್ಲಿ ಬಾವಿ ಇರುವ ಪಟ್ಟಿ ಸಿಕ್ಕಿದರೆ ಮನೆಯ ಪಾಲು ಬಿಡಲು ತಯಾರಿದ್ದೇನೆ ಎಂದೆ. ನಮ್ಮ ಯಜಮಾನರ ಸಾಲದ ವಿಚಾರವನ್ನೂ ಹೇಳಿದೆ. ಅದು ನನ್ನ ಮಕ್ಕಳಿಗೂ ಪೂರ್ತಿ ಗೊತ್ತಿರಲಿಲ್ಲ.

ಮುಂದಿನ ಸಭೆಯಲ್ಲಿ ಅಣ್ಣ ಕುರ್ಚಿ ಎಳೆದುಕೊಂಡು ಕೂತವನೇ, ಮಧ್ಯಸ್ಥರು ಬಾಯಿ ತೆರೆಯುವ ಮೊದಲೇ, "ಬಾವಿ ಪಟ್ಟಿ ಕೊಟ್ರೆ ಮನೆ ಬಿಡ್ತೀಯಂತಲ್ಲ. ಅದ್ರಲ್ಲೇ ಅರ್ಧ ತಗೊ. ಭಾವನ ಸಾಲಕ್ಕೆ ಅಷ್ಟು ಸಾಕು" ಎಂದ. ನಾನು ಮಧ್ಯಸ್ಥರ ಮುಖ ನೋಡಿದೆ. ಅವರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. "ಅವರು ಒಂದು ಹೆಜ್ಜೆ ಮುಂದೆ ಬಂದಿದ್ದಾರೆ, ನೀವೂ ಸ್ವಲ್ಪ ನೋಡಿ" ಎಂದರು. ನಾನು ಇಳಿಯಬಹುದಾದ ಕಟ್ಟಕಡೆಯ ಮೆಟ್ಟಿಲು ಅಣ್ಣನಿಗೆ ಚೌಕಾಶಿಯ ಮೊದಲ ಮೆಟ್ಟಿಲಾಗಿತ್ತು. ಸಾಲದ ಸುದ್ದಿ ಆ ತಿಂಗಳು ಮುಗಿಯುವುದರೊಳಗೆ ನಮ್ಮ ಬೀಗರ ಮನೆ ತಲುಪಿತ್ತು.

ಇಷ್ಟಾದರೂ ಸುಮ್ಮನಿರುತ್ತಿದ್ದೆನೇನೋ. ಆದರೆ ಮಧ್ಯಸ್ಥರು ನ್ಯಾಯಾಲಯಕ್ಕೆ ಕಳಿಸಿದ ವರದಿಯಲ್ಲಿ, ವಾದಿಯ ಹಠದಿಂದ ಮಧ್ಯಸ್ಥಿಕೆ ವಿಫಲವಾಯಿತು ಎಂದು ಬರೆದಿದ್ದಾರೆ. ಮೋತಿರಾಮ್ ಪ್ರಕರಣದಲ್ಲಿ, ಅದೂ 2010ರದ್ದೇ, ಸುಪ್ರೀಂ ಕೋರ್ಟ್ ಇಂಥ ವರದಿಯನ್ನೇ ನೋಡಿ ಎಚ್ಚರಿಸಿತ್ತು. ರಾಜಿಯಾದರೆ ಒಪ್ಪಂದ ಕಳಿಸಿ. ಆಗದಿದ್ದರೆ ಆಗಲಿಲ್ಲ ಎಂದಷ್ಟೇ ಬರೆಯಿರಿ. ಒಳಗೆ ಯಾರು ಏನು ಮುಂದಿಟ್ಟರು ಎಂಬುದು ನ್ಯಾಯಾಧೀಶರಿಗೂ ತಿಳಿಯಕೂಡದು. ಊರಿನ ಟೈಲರ್ ಅಂಗಡಿಯಲ್ಲಿ ಕೂತು ಕೆಲಸ ಮಾಡುವ ನನಗೆ ವಕೀಲರು ಇದನ್ನು ಅರ್ಥ ಮಾಡಿಸಿದ್ದಾರೆ. ತಮ್ಮ ಕೇಂದ್ರದ ಮಧ್ಯಸ್ಥರಿಗೆ ಯಾರೂ ಅರ್ಥ ಮಾಡಿಸಿಲ್ಲವೇ? ಅವರಿಗೆ ನಲವತ್ತು ಗಂಟೆಗಳ ತರಬೇತಿ ಇರುತ್ತದಂತೆ.

ಈಗ ತಮ್ಮ ಉತ್ತರಕ್ಕೆ ಬರುತ್ತೇನೆ. 2023ರಲ್ಲಿ ಸಂಸತ್ತು ಮಾಡಿದ ಮಧ್ಯಸ್ಥಿಕೆ ಕಾಯ್ದೆಯಲ್ಲಿ 22ನೇ ಸೆಕ್ಷನ್ ಗೌಪ್ಯತೆಗೇ ಮೀಸಲು. ಮಧ್ಯಸ್ಥರೂ ಕೇಂದ್ರವೂ ಗುಟ್ಟು ಕಾಪಾಡಬೇಕೆಂದು ಅದು ಹೇಳುತ್ತದೆ. ಮುರಿದವರಿಗೆ ಏನು ಶಿಕ್ಷೆ ಎಂದು ಮಾತ್ರ ಹೇಳುವುದಿಲ್ಲ. ಆ ಜಾಗ ಖಾಲಿ ಬಿಟ್ಟದ್ದನ್ನು ತಾವು ಅನುಕೂಲಕ್ಕೆ ಬಳಸಿಕೊಂಡಿರಿ. ಗೌಪ್ಯತೆ ಇರುವುದು ಮಾತಾಡಿದವರಿಗಾಗಿ. ಮಾತಾಡಿದವಳು ನಾನು, ನಾನೇ ಬಂದು ವಿಚಾರಿಸಿ ಎನ್ನುತ್ತಿದ್ದೇನೆ. ಹಾಗಿದ್ದ ಮೇಲೆ ಯಾರ ಗುಟ್ಟನ್ನು ತಾವು ಕಾಪಾಡುತ್ತಿದ್ದೀರಿ? ನನ್ನದಂತೂ ಬೀಗರ ಮನೆಯ ಜಗಲಿಯಲ್ಲಿದೆ.

ಸಿರಿಗೆರೆಯಲ್ಲಿ ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠ ಸೋಮವಾರ ಸೇರುತ್ತದೆ. ಅಣ್ಣತಮ್ಮಂದಿರ ಪಾಲು, ಗಂಡಹೆಂಡಿರ ಜಗಳ, ಎಲ್ಲ ಅಲ್ಲಿಗೆ ಹೋಗುತ್ತವೆ. ವಿಚಾರಣೆ ಜನರ ಎದುರೇ. ಹೋಗುವವರಿಗೆ ಅದು ಗೊತ್ತು. ನಾಲ್ಕು ಜನರ ಮುಂದೆ ಹೇಳಬಾರದ್ದನ್ನು ಅವರು ಹೇಳುವುದಿಲ್ಲ. ನೀವು ಬಾಗಿಲು ಹಾಕಿ, ಭರವಸೆ ಕೊಟ್ಟು, ಹೇಳಿಸಿಕೊಂಡಿರಿ.

ಮಧ್ಯಸ್ಥಿಕೆ ಬೇಡವಾದರೆ ಪಂಚಾಯ್ತಿದಾರರನ್ನು ನೇಮಿಸಿಕೊಂಡು ಆರ್ಬಿಟ್ರೇಷನ್ ಮಾಡಿಸಿ ಎಂದು ನಿಮ್ಮ ಕಚೇರಿಯ ಗುಮಾಸ್ತರೊಬ್ಬರು ಉಪಕಾರದ ಸಲಹೆ ಕೊಟ್ಟರು. ಅದಕ್ಕೆ ಅಣ್ಣನ ಲಿಖಿತ ಒಪ್ಪಿಗೆ ಬೇಕು. ವಂಶವೃಕ್ಷದಲ್ಲೇ ನನ್ನ ಹೆಸರು ಬರೆಯದವನು ನನ್ನೊಡನೆ ಕರಾರಿಗೆ ಸಹಿ ಹಾಕುತ್ತಾನೆಯೇ? ಹಾಕಿದರೂ ಅಲ್ಲಿ ಬರುವುದು ತೀರ್ಪು, ಅದನ್ನು ಪ್ರಶ್ನಿಸುವ ದಾರಿ ಬಹಳ ಕಿರಿದು. ಇನ್ನು ವಿಚ್ಛೇದನ, ಮಕ್ಕಳ ಪಾಲನೆಯಂಥವು ಆರ್ಬಿಟ್ರೇಷನ್‌ಗೆ ಹೋಗುವಂತೆಯೇ ಇಲ್ಲ. ಅಂಥ ಹೆಣ್ಣುಮಕ್ಕಳಿಗೆ ನ್ಯಾಯಾಲಯದ ಕಟಕಟೆ ಬಿಟ್ಟರೆ ನಿಮ್ಮ ಆ ಕೋಣೆಯೇ ಗತಿ.

ಆ ಕೋಣೆಯಲ್ಲಿ ಅವರಿಗೆ ಸಿಗುವುದೇನು ಎಂಬುದನ್ನೂ ಹೊರಗೆ ಬೆಂಚಿನ ಮೇಲೆ ಕೂತು ಕೇಳಿದ್ದೇನೆ. "ತವರಿನ ಬಾಗಿಲು ಮುಚ್ಚಿಕೋಬೇಡಮ್ಮ." "ಮದುವೆಗೆ ಖರ್ಚು ಮಾಡಿಲ್ವಾ?" ನನ್ನ ಮದುವೆ 1997ರಲ್ಲಾಯಿತು. ಕರ್ನಾಟಕದ ತಿದ್ದುಪಡಿ 1994ರ ಜುಲೈನಲ್ಲೇ ಜಾರಿಗೆ ಬಂದು, ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮನಾದ ಪಾಲು ಕೊಟ್ಟಿತ್ತು. ಇಡೀ ದೇಶ ಆ ಮಾತಿಗೆ ಬಂದದ್ದು 2005ರಲ್ಲಿ. ಈ ರಾಜ್ಯದಲ್ಲಿ ಕೂತ ಮಧ್ಯಸ್ಥರು ಮದುವೆ ಖರ್ಚಿನ ಲೆಕ್ಕ ತೆಗೆಯುತ್ತಾರೆಂದರೆ ಅವರನ್ನು ಯಾವ ಪಕ್ಷದವರೆಂದು ಕರೆಯಬೇಕು? ಲೋಕ ಅದಾಲತ್ ದಿನವಂತೂ ಮುಗಿಯಿತು. ಎಷ್ಟು ಕೇಸು ಇತ್ಯರ್ಥವಾಯಿತೆಂಬ ಪತ್ರಿಕಾ ಪ್ರಕಟಣೆ. ಜೊತೆಗೆ ಮತ್ತೆ ಒಂದಾದ ದಂಪತಿಗೆ ಹಾರ ಬದಲಾಯಿಸಿ ಸಿಹಿ ತಿನ್ನಿಸುವ ಫೋಟೊ. ಹೆಸರು, ಊರು ಸಮೇತ. ಆ ಹೆಂಗಸನ್ನು ಯಾರಾದರೂ ಕೇಳಿದರೇ? ಆರು ತಿಂಗಳ ನಂತರ ಅವಳು ಹೇಗಿದ್ದಾಳೆಂದು ಹೋಗಿ ನೋಡಿದ ಫೋಟೊ ಯಾವ ಪತ್ರಿಕೆಯಲ್ಲೂ ನಾನು ಕಂಡಿಲ್ಲ.

ನನಗೆ ಬೇಕಾದ್ದು ಇಷ್ಟು. ಆ ವರದಿಯಲ್ಲಿನ 'ಹಠ' ಎಂಬ ಸಾಲನ್ನು ಕಡತದಿಂದ ತೆಗೆಸಿ. ಪ್ರತ್ಯೇಕವಾಗಿ ಹೇಳಿದ್ದರಲ್ಲಿ ಯಾವುದನ್ನು ಎದುರು ಪಕ್ಷಕ್ಕೆ ತಿಳಿಸಬಹುದು ಎಂಬುದಕ್ಕೆ ನಮ್ಮಿಂದ ಸಹಿ ಮಾಡಿಸಿಕೊಳ್ಳುವ ಒಂದು ಹಾಳೆ ಇಡಿ. ಅದಕ್ಕೆ ಹೊಸ ಕಾನೂನು ಬೇಕಿಲ್ಲ, ಝೆರಾಕ್ಸ್ ಸಾಕು. ಮಧ್ಯಸ್ಥರ ಮೇಲಿನ ದೂರನ್ನು ಅದೇ ಕೇಂದ್ರದವರಲ್ಲದೆ ಬೇರೆಯವರು ಕೇಳಲಿ. ನನ್ನ ದೂರಿನ ವಿಚಾರಣೆ ಮುಗಿಯುವ ತನಕ ಆ ಮಧ್ಯಸ್ಥರಿಗೆ ಇನ್ನೊಂದು ಮನೆಯ ಜಗಳ ವಹಿಸಬೇಡಿ.

ಕೋಣೆಯೊಳಗಿನ ಮಾತನ್ನು ಈ ಪತ್ರದಲ್ಲಿ ಬಯಲಿಗೆ ಹಾಕಿದ್ದೇನೆಂದು ನನಗೇ ನೋಟಿಸ್ ಕೊಡುವುದಾದರೆ ಧಾರಾಳವಾಗಿ ಕೊಡಿ. ಗೌಪ್ಯತೆ ಮುರಿದದ್ದರ ವಿಚಾರಣೆ ನಿಮ್ಮ ಕೇಂದ್ರದಲ್ಲಿ ಹಾಗಾದರೂ ಶುರುವಾಗಲಿ. ಮೊದಲು ಮುರಿದವರು ಯಾರೆಂದು ಆಗ ನಾನು ಪ್ರಮಾಣ ಮಾಡಿ ಹೇಳುತ್ತೇನೆ.

ಇಂತಿ,
ಪಾಲಿನ ದಾವೆಯ ವಾದಿ