ಉಗಿಬಂಡಿ ಹೋಯಿತು, ಹಕ್ಕಿಯಾದರೂ ಉಳಿಯಲಿ

ಛಾಯಾಗ್ರಹಣವೆಂದರೆ ಹಣವುಳ್ಳವರ ಶೋಕಿ ಎಂಬ ಮಾತು ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ವನ್ಯಜೀವಿಗಳ ಹಾಗೂ ಹಳೆಯ ಉಗಿಬಂಡಿಗಳ ಚಿತ್ರ ತೆಗೆಯುವುದನ್ನಂತೂ ಕೆಲಸವಿಲ್ಲದವರ ಕಾಲಹರಣವೆಂದೇ ಎಣಿಸಲಾಗುತ್ತದೆ. ಆದರೆ ಒಂದು ಸೀಮೆ ಏನನ್ನು ಕಳೆದುಕೊಂಡಿತು, ಏನನ್ನು ಇನ್ನೂ ಉಳಿಸಿಕೊಂಡಿದೆ ಎಂಬುದಕ್ಕೆ ಸಾಕ್ಷಿ ನುಡಿಯುವುದು ಇಂತಹ ಚಿತ್ರಗಳೇ.

ಮೀರಜ–ಲೋಂಡಾ ರೈಲುಮಾರ್ಗವು ಕಾಗವಾಡ ತಾಲ್ಲೂಕಿನ ಶೇಡಬಾಳ, ಉಗಾರಗಳನ್ನು ಹಾದು, ಕೃಷ್ಣೆಯನ್ನು ದಾಟಿ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ನಿಲ್ದಾಣಗಳತ್ತ ಸಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಸದರ್ನ್ ಮರಾಠಾ ರೈಲ್ವೆ ಹಾಕಿದ ಇಲ್ಲಿಯ ಮೀಟರ್‌ಗೇಜ್ ಹಳಿಗಳ ಮೇಲೆ ದಶಕಗಟ್ಟಲೆ ಉಗಿಬಂಡಿ ಓಡಿತು. 1927ರಲ್ಲಿ ಬಾರ್ಸಿ ಲೈಟ್ ರೈಲ್ವೆಯ ಪುಟ್ಟ ಗಾಡಿಯೂ ಪಂಢರಪುರದ ಕಡೆಯಿಂದ ಮೀರಜವನ್ನು ತಲುಪಿತು. ಇಂದು ಎರಡೂ ಬ್ರಾಡ್‌ಗೇಜ್ ಆಗಿವೆ. ಹಿರಿಯರು ಬಣ್ಣಿಸುವ ಆ ಬಂಡಿಯ ಒಂದಾದರೂ ಚಿತ್ರ ಎಷ್ಟು ಮನೆಗಳಲ್ಲಿದೆ?

ಕಲ್ಲಿದ್ದಲ ಹೊಗೆಗಾಗಿ ಪರಿಸರಪ್ರಿಯರು ಹಂಬಲಿಸುವುದುಂಟೇ ಎಂದು ಕೆಲವರು ಕೇಳಬಹುದು. ಹೊಗೆ ಮರಳಬೇಕೆಂದು ಯಾರೂ ಬಯಸುವುದಿಲ್ಲ. ನೆನಪು ಅಳಿಯಬಾರದೆಂಬುದಷ್ಟೇ ಆಶಯ. ಅದಕ್ಕೆ ದಾರಿಗಳೂ ಇವೆ. ಮೈಸೂರಿನಲ್ಲಿ 1979ರಿಂದ, ಹುಬ್ಬಳ್ಳಿಯಲ್ಲಿ 2020ರಿಂದ ರೈಲು ವಸ್ತುಸಂಗ್ರಹಾಲಯಗಳಿವೆ. 2005ರಲ್ಲಿ ಯುನೆಸ್ಕೊ ಮನ್ನಣೆ ಪಡೆದ ನೀಲಗಿರಿ ರೈಲುಮಾರ್ಗದಲ್ಲಿ ಉಗಿಬಂಡಿ ಇಂದಿಗೂ ಘಟ್ಟ ಏರುತ್ತದೆ.

ಯಂತ್ರವನ್ನು ಸಂಗ್ರಹಾಲಯದಲ್ಲಿ ನಿಲ್ಲಿಸಬಹುದು. ಹುಲ್ಲುಗಾವಲನ್ನೂ ಕೆರೆಯಂಗಳವನ್ನೂ ನಿಲ್ಲಿಸಲಾಗದು. ಅದೇ ಮಾರ್ಗದಲ್ಲಿ ಮುಂದೆ ಸಾಗಿದರೆ ಘಟಪ್ರಭಾ ನಿಲ್ದಾಣ. ಅದರ ಸಮೀಪ ಧೂಪದಾಳದ ಹಿನ್ನೀರು. 1974ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ಈ ನೆಲೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ವಲಸೆ ಹಕ್ಕಿಗಳು ಬರುತ್ತವೆ. ಅವು ಯಾವ ವಾರ ಬಂದವು, ಎಷ್ಟು ಬಂದವು, ಯಾವ ವರ್ಷ ಬರಲಿಲ್ಲ ಎಂಬುದನ್ನು ದಿನಾಂಕಸಹಿತ ಚಿತ್ರಗಳು ತಿಳಿಸಬಲ್ಲವು.

2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ, ರಾಯಬಾಗ ತಾಲ್ಲೂಕಿನಲ್ಲಿ ಜಲಾವೃತವಾಗಿದ್ದ ಮನೆಯೊಂದರ ಛಾವಣಿಯ ಮೇಲೆ ಮೊಸಳೆ ಕಂಡ ದೃಶ್ಯವನ್ನು ದೇಶವೆಲ್ಲ ನೋಡಿತು, ಬೆರಗುಪಟ್ಟು ಮರೆಯಿತು. ಮೊಸಳೆ ಯಾವ ತಿಂಗಳಲ್ಲಿ ಯಾವ ದಂಡೆಯ ಮೇಲೆ ಬಿಸಿಲು ಕಾಯುತ್ತದೆ ಎಂಬುದನ್ನು ನದಿತೀರದ ವಿದ್ಯಾರ್ಥಿಗಳು ದೂರದಿಂದ ಚಿತ್ರ ತೆಗೆದು ದಾಖಲಿಸಿದರೆ, ಬಟ್ಟೆ ಒಗೆಯಲು, ದನಗಳ ಮೈ ತೊಳೆಯಲು ನೀರಿಗಿಳಿಯುವವರಿಗೆ ಅದು ಎಚ್ಚರಿಕೆಯಾದೀತು. ಭಯದಿಂದ ಎತ್ತುವ ಕಲ್ಲು ದೊಣ್ಣೆಗಳಿಂದ ಮೊಸಳೆಗೂ ರಕ್ಷಣೆಯಾದೀತು.

ಈ ಹವ್ಯಾಸಕ್ಕೆ ಸಂಯಮವೇ ಬಂಡವಾಳ. ಗಾಡಿಗೆ ವೇಳಾಪಟ್ಟಿಯಿದೆ, ಹಕ್ಕಿಗೆ ಋತುವಿದೆ; ಎರಡಕ್ಕೂ ಕಾಯಲೇಬೇಕು. ಗೂಡಿನ ಮರೆ ಸರಿಸಿ, ಮರಿಗಳನ್ನು ಬೆದರಿಸಿ ತೆಗೆದ ಚಿತ್ರ ಎಷ್ಟೇ ಚೆಲುವಾಗಿದ್ದರೂ ಅಪರಾಧವೇ ಸರಿ. ಅಭಯಾರಣ್ಯದಲ್ಲಿ ಪ್ರಾಣಿಗಳನ್ನು ಕೆಣಕುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸಿದೆ. ಹಳಿಗಳ ಮೇಲೆ ಅತಿಕ್ರಮವಾಗಿ ನಿಲ್ಲುವುದು 1989ರ ರೈಲ್ವೆ ಕಾಯ್ದೆಯಂತೆ ಅಪರಾಧ, ಪ್ರಾಣಕ್ಕೂ ಅಪಾಯ.

ದುಬಾರಿ ಕ್ಯಾಮೆರಾ ಬೇಕಿಲ್ಲ, ಮೊಬೈಲ್ ಸಾಕು. ನಿಪ್ಪಾಣಿ, ಅಥಣಿ, ಚಿಕ್ಕೋಡಿಗಳ ಶಾಲೆ ಕಾಲೇಜುಗಳು ವರ್ಷಕ್ಕೊಂದು ಚಿತ್ರಸಂಪುಟ ಕಟ್ಟಲಿ. ಅದರಲ್ಲಿ ಅಜ್ಜನ ಪೆಟ್ಟಿಗೆಯಲ್ಲಿ ದೊರೆತ ರೈಲಿನ ಹಳೆಯ ಚಿತ್ರವೂ, ಊರ ಕೆರೆಗೆ ಬಂದ ಹಕ್ಕಿಯ ಹೊಸ ಚಿತ್ರವೂ ಇರಲಿ. ಪ್ರತಿಯೊಂದರ ಕೆಳಗೆ ಸ್ಥಳ, ದಿನಾಂಕಗಳಿರಲಿ. ನಾಳೆ ಕೆರೆಯೊಂದು ಒತ್ತುವರಿಯಾದಾಗ, ಇಲ್ಲಿ ಏನಿತ್ತು ಎಂಬ ಪ್ರಶ್ನೆಗೆ ಊರಿನ ಬಳಿ ಉತ್ತರವಿರುತ್ತದೆ.